ಮರಳ ಮೇಲಿನ ಅಕ್ಷರ, ಗೋಡೆಯ ಮೇಲಿನ ಏಣಿ



ಮೇ ತಿಂಗಳಿನಲ್ಲಿ ಮಂಡ್ಯದಿಂದ ಮದ್ದೂರಿಗೆ, ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಪ್ರಯಾಣ ಮಾಡುವವರಿಗೆ ರಸ್ತೆಯ ಇಕ್ಕೆಲಗಳಲ್ಲಿ ಕಬ್ಬಿನ ಗದ್ದೆಗಳ ಜೊತೆಜೊತೆಗೇ ಶಾಲೆಗಳ ಜಾಹೀರಾತು ಫಲಕಗಳೂ ಕಾಣಸಿಗುತ್ತವೆ. ಸ್ಮಾರ್ಟ್ ಕ್ಲಾಸ್, ಡಿಜಿಟಲ್ ಬೋರ್ಡ್, ಕಂಪ್ಯೂಟರ್ ಲ್ಯಾಬ್, ಇಂಗ್ಲಿಷ್ ಮಾಧ್ಯಮ ಎಂಬ ಪದಗಳು ಆ ಫಲಕಗಳಲ್ಲಿ ತಪ್ಪದೆ ಇರುತ್ತವೆ. ಬೋಧನೆಯಲ್ಲಿ ಹೊಸತನವೆಂದರೆ ಇದೇ ಎಂದು ಪೋಷಕರು ನಂಬಿದ್ದಾರೆ. ಶಾಲೆ ನಡೆಸುವ ನಾವೂ, ಸಭೆಯ ಶಾಲೆಗಳನ್ನು ನಡೆಸುವವರೂ ಸೇರಿದಂತೆ, ಹಾಗೆಯೇ ನಂಬಿಸಿದ್ದೇವೆ. ಆದರೆ ತರಗತಿಯ ಕೋಣೆಯೊಳಗೆ ನಿಜವಾಗಿ ಹೊಸದಾದುದು ಯಾವಾಗ ಬಂತು, ಯಾರು ತಂದರು, ಬಂದುದು ಎಷ್ಟು ಕಾಲ ನಿಂತಿತು ಎಂಬ ಪ್ರಶ್ನೆಗಳನ್ನು ಇಟ್ಟುಕೊಂಡು ಈ ಸೀಮೆಯ ಇನ್ನೂರು ವರ್ಷಗಳ ಇತಿಹಾಸವನ್ನು ನೋಡಿದರೆ ಉತ್ತರ ಆ ಫಲಕಗಳಲ್ಲಿ ಇಲ್ಲವೆಂಬುದು ತಿಳಿಯುತ್ತದೆ.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಇದ್ದ ಶಾಲೆಯೆಂದರೆ ಕೂಲಿಮಠ. ಊರಿನ ಗುಡಿಯ ಮಂಟಪದಲ್ಲೋ, ಉಳ್ಳವರ ಮನೆಯ ಜಗಲಿಯಲ್ಲೋ ಅಯ್ಯನವರು ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರು. ಪೋಷಕರು ಕೊಡುವ ದವಸ, ದುಡ್ಡು, ಮಹಾನವಮಿಯ ಕಾಲದಲ್ಲಿ ಮಕ್ಕಳು ಮನೆಮನೆಗೆ ಹೋಗಿ ಹಾಡಿ ತರುವ ಕಾಣಿಕೆ ಇವೇ ಅವರ ಸಂಬಳ. ಮಗು ಮೊದಲು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದಬೇಕು. ಕೈ ಕುದುರಿದ ಮೇಲೆ ಹಲಗೆ, ಬಳಪ. ಮುಂದೆ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲು ಬಳಿದು ಮಡಿಸಿದ ಕಡತ. ಕಾಗುಣಿತ, ಮಗ್ಗಿ, ಅಮರಕೋಶ, ಜೈಮಿನಿ ಭಾರತದ ಪದ್ಯಗಳು, ಲೆಕ್ಕಪತ್ರ ಇಷ್ಟಾದರೆ ಓದು ಮುಗಿದಂತೆ. ತಪ್ಪಿದರೆ ಬಸ್ಕಿ, ಹಠ ಮಾಡಿದರೆ ಹಗ್ಗಕ್ಕೆ ಜೋತುಬೀಳಿಸುವ ಕೋದಂಡ.

ಈ ಕೂಲಿಮಠವನ್ನು ಹೊಗಳುವುದು ಈಚೆಗೆ ಒಂದು ರೂಢಿಯಾಗಿದೆ. ಅದರ ಜಗಲಿಯನ್ನು ಹೆಣ್ಣುಮಕ್ಕಳು ಹತ್ತಿದ್ದು ತೀರಾ ವಿರಳ. ಹೊಲಗೇರಿಯ ಮಕ್ಕಳಂತೂ ಹತ್ತುವಂತೆಯೇ ಇರಲಿಲ್ಲ. ಬಾಯಿಪಾಠವಾದ ಪದ್ಯದ ಅರ್ಥವನ್ನು ಹೇಳಿಕೊಡುವುದು ಅಯ್ಯನವರ ಕರ್ತವ್ಯಗಳಲ್ಲಿ ಸೇರಿರಲಿಲ್ಲ. ಆದರೂ ಅಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿದ್ದವು. ಅಲ್ಲಿ ತರಗತಿಗಳೇ ಇರಲಿಲ್ಲ. ಪ್ರತಿ ಮಗುವೂ ತನ್ನ ಪಾಠ ಎಲ್ಲಿಗೆ ಬಂದಿದೆಯೋ ಅಲ್ಲಿಂದ ಮುಂದಕ್ಕೆ ಹೋಗುತ್ತಿತ್ತು. ಒಬ್ಬರೇ ಅಯ್ಯನವರು ಮೂವತ್ತು ಮಕ್ಕಳನ್ನು ನೋಡಿಕೊಳ್ಳಬೇಕಾಗಿದ್ದುದರಿಂದ ದೊಡ್ಡ ಹುಡುಗರು ಚಿಕ್ಕವರಿಗೆ ಅಕ್ಷರ ತಿದ್ದಿಸುತ್ತಿದ್ದರು.

ಈ ಎರಡನೆಯ ಸಂಗತಿ ಲೋಕಸಂಚಾರ ಮಾಡಿ ಬಂದ ಕಥೆ ಸ್ವಾರಸ್ಯವಾಗಿದೆ. 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥ ಬಾಲಕರ ಆಶ್ರಮದ ಮೇಲ್ವಿಚಾರಣೆ ವಹಿಸಿಕೊಂಡ ಆಂಗ್ಲಿಕನ್ ಪಾದ್ರಿ ಆಂಡ್ರ್ಯೂ ಬೆಲ್, ದಾರಿಯಲ್ಲಿ ಒಂದು ದೇಶೀ ಶಾಲೆಯ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಬರೆಯುವುದನ್ನು ಕಂಡರು. ತಮ್ಮ ಆಶ್ರಮದಲ್ಲೂ ಹೀಗೆಯೇ ಕಲಿಸಿರೆಂದು ಅಲ್ಲಿನ ಉಪಾಧ್ಯಾಯರಿಗೆ ಹೇಳಿದರೆ ಅವರು ಒಪ್ಪಲಿಲ್ಲ. ಬೆಲ್ ಆ ಕೆಲಸವನ್ನು ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಹುಡುಗನಿಗೆ ವಹಿಸಿದರು. ಹುಡುಗ ಮಾಡಿ ತೋರಿಸಿದ. ಬೆಲ್ ಇಂಗ್ಲೆಂಡಿಗೆ ಮರಳಿ 1797ರಲ್ಲಿ ಈ ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಅದಾಗಿ ಎರಡು ವರ್ಷಕ್ಕೆ, 1799ರ ಮಾರ್ಚ್ 27ರಂದು, ನಮ್ಮ ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೈನ್ಯಕ್ಕೂ ಕಂಪನಿಯ ಸೈನ್ಯಕ್ಕೂ ಕಾಳಗ ನಡೆಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಸೋತ ನಾಡಿನ ಜಗಲಿಯ ಪದ್ಧತಿ ಗೆದ್ದವರ ನಾಡಿನಲ್ಲಿ 'ಮದರಾಸು ಪದ್ಧತಿ' ಎಂಬ ಹೆಸರು ಪಡೆದು ಸಾವಿರಾರು ಶಾಲೆಗಳಿಗೆ ಹಬ್ಬಿತು. ಕೊನೆಗೆ ಮಿಷನರಿಗಳ ಕೈಯಲ್ಲಿ ಅದೇ ಪದ್ಧತಿ ಇಂಗ್ಲೆಂಡಿನ ನವೀನ ವಿಧಾನವೆಂಬ ಪ್ರತಿಷ್ಠೆಯೊಂದಿಗೆ ಹಿಂದೂಸ್ಥಾನಕ್ಕೆ ಬಂದಿಳಿಯಿತು. ನಮ್ಮ ವಸ್ತುವಿಗೆ ಹೊರಗಿನ ಮುದ್ರೆ ಬಿದ್ದ ಮೇಲೆಯೇ ಬೆಲೆ ಬರುವುದು ಅಂದಿನಿಂದಲೂ ಇರುವ ವಾಡಿಕೆ!

ಬೆಲ್ ಅವರಿಗಿಂತಲೂ ಮೊದಲೇ ಯೇಸುಸಭೆಯವರ 1599ರ ಶಿಕ್ಷಣ ಸಂಹಿತೆಯಲ್ಲಿ ಹತ್ತು ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಸಹಪಾಠಿಯನ್ನು ನಾಯಕನನ್ನಾಗಿ ಮಾಡಿ ಪಾಠ ಒಪ್ಪಿಸಿಕೊಳ್ಳುವ ವ್ಯವಸ್ಥೆ ಇತ್ತು. ಅದಕ್ಕೆ ವ್ಯತಿರಿಕ್ತವಾದ ಪದ್ಧತಿಯೂ ಸಭೆಯೊಳಗಿನಿಂದಲೇ ಬಂದುದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ಅವರು ಬಡಮಕ್ಕಳಿಗೆ ಲ್ಯಾಟಿನ್ನಿನ ಬದಲು ತಾಯ್ನುಡಿಯಲ್ಲಿ ಓದು ಕಲಿಸಿದರು. ಒಂದೇ ಮಟ್ಟದ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಒಬ್ಬ ಉಪಾಧ್ಯಾಯ ಏಕಕಾಲಕ್ಕೆ ಎಲ್ಲರಿಗೂ ಪಾಠ ಹೇಳುವ ಕ್ರಮವನ್ನು ನೆಲೆಗೊಳಿಸಿದರು. ಇಂದು ನಾವು ತರಗತಿ ಎಂದು ಕರೆಯುವ ಸಾಲು ಬೆಂಚುಗಳ ಕೋಣೆ ಬಹುಮಟ್ಟಿಗೆ ಆ ಪರಂಪರೆಯದು. ಆ ಸಂತರ ಮಾತೃಭಾಷೆಯ ಪಾಠವನ್ನು ನಾವು ಮರೆತೆವು. ಸಾಲು ಬೆಂಚನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆವು.

ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ಶಿಕ್ಷಣ ಇಲಾಖೆ ಆರಂಭವಾಯಿತಾದರೂ ಹಳ್ಳಿಯ ಮಟ್ಟಿಗೆ ದೊಡ್ಡ ತಿರುವು ಬಂದುದು 1868ರಲ್ಲಿ. ಮುಂದೆ ಶಾಸನಗಳ ಸಂಗ್ರಹದಿಂದ ಖ್ಯಾತರಾದ ಬಿ.ಎಲ್. ರೈಸ್ ಅವರು ಆಗ ಶಿಕ್ಷಣ ಇಲಾಖೆಯಲ್ಲಿದ್ದರು. ಹೋಬಳಿಗೊಂದು ಶಾಲೆ ಎಂಬುದು ಅವರು ಸಿದ್ಧಪಡಿಸಿದ ಯೋಜನೆ. ಇಂದಿಗೂ ನಮ್ಮ ಹಿರಿಯರ ಬಾಯಲ್ಲಿ ಬರುವ 'ಹೋಬಳಿ ಸ್ಕೂಲು' ಅಲ್ಲಿಂದ ಬಂದುದು. ಕೂಲಿಮಠ ಹಿಂದೆ ಸರಿದು ಅಚ್ಚಾದ ಪಠ್ಯಪುಸ್ತಕ, ಕಪ್ಪುಹಲಗೆ, ಹಾಜರಿ ಪುಸ್ತಕ, ತನಿಖೆಗೆ ಬರುವ ಇನ್‌ಸ್ಪೆಕ್ಟರು, ವರ್ಷಕ್ಕೊಮ್ಮೆ ಪಾಸು ನಪಾಸು ಕಾಲಿಟ್ಟವು. ಮಗುವಿನ ಪಾಠ ಮಗುವಿನ ನಡೆಯನ್ನು ಬಿಟ್ಟು ಪುಸ್ತಕದ ನಡೆಯನ್ನು ಹಿಡಿಯಿತು. ಇದರಿಂದ ಲಾಭವಾಗಲಿಲ್ಲವೆಂದು ಹೇಳುವುದು ಅನ್ಯಾಯ. ಸರ್ಕಾರದ ಹಣದಿಂದ ನಡೆಯುವ ಶಾಲೆಯಾದುದರಿಂದಲೇ 'ನನ್ನ ಮಗುವನ್ನೂ ಸೇರಿಸಿಕೊಳ್ಳಿ' ಎಂದು ಕೇಳುವ ಹಕ್ಕು ಹುಟ್ಟಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ಪ್ರಬಲರ ಪ್ರತಿರೋಧದ ನಡುವೆಯೇ, ಸಂಸ್ಥಾನದ ಶಾಲೆಗಳ ಬಾಗಿಲು ದಲಿತ ಮಕ್ಕಳಿಗೆ ತೆರೆಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದು, ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣದ ಮಾತು ಮೊದಲಾಯಿತು. ತರಗತಿಯ ಬಾಗಿಲನ್ನು ಅಗಲ ಮಾಡಿದ ಈ ಕೆಲಸ ಯಾವ ಬೋಧನಾ ವಿಧಾನಕ್ಕಿಂತಲೂ ದೊಡ್ಡದೆಂದೇ ನನ್ನ ಎಣಿಕೆ.

ಕನ್ನಂಬಾಡಿಯ ಕಾಲುವೆ ಹರಿದು, 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಗಿ, 1939ರ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಈ ನಡುವೆ 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಕಲಿಕೆ ಎಂಬ ವಿಚಾರವನ್ನು ಮುಂದಿಟ್ಟರು. ಮರುವರ್ಷ ಏಪ್ರಿಲಿನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಗಾಂಧಿಯವರ ಧ್ವಜವನ್ನು ಅಷ್ಟು ಪ್ರೀತಿಯಿಂದ ಏರಿಸಿದ ಸೀಮೆಯಲ್ಲಿ ಅವರ ಶಾಲೆಯ ಕಲ್ಪನೆ ಮಾತ್ರ ಬೇರು ಬಿಡಲಿಲ್ಲ. ಮೂಲಶಿಕ್ಷಣವೆಂಬ ಹೆಸರಿನಲ್ಲಿ ಅದು ವೇಳಾಪಟ್ಟಿಯ ಒಂದು ಅವಧಿಯಾಗಿ, ತಕಲಿ ತಿರುಗಿಸುವ ಅರ್ಧ ಗಂಟೆಯಾಗಿ ಉಳಿಯಿತು. ನೂಲಿನಿಂದ ಗಣಿತ, ಗದ್ದೆಯಿಂದ ವಿಜ್ಞಾನ ಹುಟ್ಟಬೇಕೆಂಬುದು ಮೂಲದ ಆಶಯ. ಭತ್ತ, ಕಬ್ಬುಗಳ ನಡುವೆ ಬೆಳೆಯುವ ಮಕ್ಕಳಿಗೆ ಅದಕ್ಕಿಂತ ಹತ್ತಿರವಾದ ಪಠ್ಯ ಇನ್ನಾವುದಿತ್ತು? ಸುತ್ತೋಲೆಯ ಮೂಲಕ ಬಂದ ಕಸುಬು ಮತ್ತೊಂದು ಪಾಠವಾಯಿತು, ಅಷ್ಟೆ.

ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಜಿಲ್ಲೆಯ ಗಮನವೆಲ್ಲ ಪ್ರೌಢಶಾಲೆ, ಕಾಲೇಜುಗಳತ್ತ ಹರಿಯಿತು. ಕೆ.ವಿ. ಶಂಕರಗೌಡರ ಮುಂದಾಳುತನದಲ್ಲಿ 1962ರಲ್ಲಿ ಮಂಡ್ಯದಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ಮದ್ದೂರು ತಾಲ್ಲೂಕಿನ ಭಾರತೀನಗರದಲ್ಲಿ ಜಿ. ಮಾದೇಗೌಡರು ಗ್ರಾಮಾಂತರ ಶಿಕ್ಷಣ ಸಂಸ್ಥೆಗಳನ್ನು ಬೆಳೆಸಿದರು. ಅದು ಬೇರೆಯೇ ಒಂದು ಲೇಖನದ ವಸ್ತು. ಒಂದನೆಯ ತರಗತಿಯಲ್ಲಿ ಮಗು ಅಕ್ಷರ ಕಲಿಯುವ ಕ್ರಮದಲ್ಲಿ ಮಾತ್ರ ರೈಸ್ ಅವರ ಕಾಲದಿಂದ ಅಂಥ ಬದಲಾವಣೆ ಏನೂ ಆಗಿರಲಿಲ್ಲ.

ಬದಲಾವಣೆ ಬಂದುದು 1994ರಲ್ಲಿ. ಆ ವರ್ಷ ಕೇಂದ್ರ ಸರ್ಕಾರವು ವಿಶ್ವಬ್ಯಾಂಕಿನ ನೆರವಿನಿಂದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿದಾಗ ಕರ್ನಾಟಕದ ನಾಲ್ಕು ಜಿಲ್ಲೆಗಳು ಮೊದಲ ಹಂತದಲ್ಲಿ ಸೇರಿದವು: ಬೆಳಗಾವಿ, ರಾಯಚೂರು, ಕೋಲಾರ ಮತ್ತು ಮಂಡ್ಯ. ಮಹಿಳಾ ಸಾಕ್ಷರತೆ ರಾಷ್ಟ್ರದ ಸರಾಸರಿಗಿಂತ ಕಡಿಮೆ ಇರುವುದು ಆಯ್ಕೆಯ ಒಂದು ಮುಖ್ಯ ಮಾನದಂಡವಾಗಿತ್ತು. 1991ರ ಜನಗಣತಿಯಂತೆ ಆ ಸರಾಸರಿ ಶೇಕಡ 39.29. ಕಾಲುವೆಯ ನೀರು, ಸಕ್ಕರೆಯ ಹಣ ಎರಡೂ ಇದ್ದ ಮಂಡ್ಯ ಆ ಸಾಲಿನಲ್ಲಿ ನಿಂತಿತೆಂಬುದು ನಾವು ಸಂಕೋಚದಿಂದಲೇ ನೆನೆಯಬೇಕಾದ ಸಂಗತಿ.

ಡಿಪಿಇಪಿ ಎಂದೇ ಶಿಕ್ಷಕರ ಬಾಯಲ್ಲಿ ಉಳಿದ ಆ ಕಾರ್ಯಕ್ರಮ ಕಟ್ಟಡಗಳನ್ನು ಕಟ್ಟಿತು, ಗ್ರಾಮ ಶಿಕ್ಷಣ ಸಮಿತಿಗಳನ್ನು ರಚಿಸಿತು. ಅವೆಲ್ಲಕ್ಕಿಂತ ಮುಖ್ಯವಾದ ಎರಡು ಸಣ್ಣ ಕೆಲಸಗಳನ್ನು ಅದು ಮಾಡಿತು. ತಾಲ್ಲೂಕಿಗೊಂದು ಕ್ಷೇತ್ರ ಸಂಪನ್ಮೂಲ ಕೇಂದ್ರ, ಹತ್ತಾರು ಶಾಲೆಗಳಿಗೊಂದು ಸಮೂಹ ಸಂಪನ್ಮೂಲ ಕೇಂದ್ರ ಸ್ಥಾಪಿಸಿ, ಹಳ್ಳಿಯ ಒಂಟಿ ಉಪಾಧ್ಯಾಯನಿಗೆ ಅಕ್ಕಪಕ್ಕದ ಊರಿನ ತನ್ನಂಥವರೊಡನೆ ಕುಳಿತು ಪಾಠದ ಬಗ್ಗೆ ಮಾತನಾಡುವ ಜಾಗ ಮಾಡಿಕೊಟ್ಟಿತು. ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿಗಳನ್ನು ಪಾಠೋಪಕರಣ ತಯಾರಿಸಿಕೊಳ್ಳಲು ಕೊಟ್ಟಿತು. ಮೊತ್ತ ಅಲ್ಪ. ಆದರೆ ಇನ್‌ಸ್ಪೆಕ್ಟರು ಹೇಳಿದುದನ್ನು ಮಾಡಿಯಷ್ಟೇ ಅಭ್ಯಾಸವಿದ್ದ ಶಿಕ್ಷಕನಿಗೆ 'ನಿನ್ನ ಮಕ್ಕಳಿಗೆ ಏನು ಬೇಕೆಂದು ನೀನೇ ತೀರ್ಮಾನಿಸು' ಎಂದು ಇಲಾಖೆ ಹೇಳುವುದು ಅಪರೂಪವಾಗಿತ್ತು. 'ಚೈತನ್ಯ ತರಣಿ'ಯಂಥ ತರಬೇತಿಗಳಲ್ಲಿ ಮಧ್ಯವಯಸ್ಸಿನ ಮೇಷ್ಟ್ರುಗಳು ಹಾಡಿದರು, ಕುಣಿದರು. ರಟ್ಟು, ಬೀಜ, ಬೆಂಕಿಪೊಟ್ಟಣಗಳಿಂದ ಲೆಕ್ಕದ ಆಟಗಳನ್ನು ಕಟ್ಟಿದರು. ಆ ಪೀಳಿಗೆಯ ನಿವೃತ್ತ ಶಿಕ್ಷಕರನ್ನು ಇಂದು ಕೇಳಿದರೂ ಅವರ ಮುಖ ಅರಳುತ್ತದೆ.

ಇದೇ ಕಾಲಕ್ಕೆ, 1995ರಲ್ಲಿ, ನಮ್ಮ ಧರ್ಮಕ್ಷೇತ್ರದ ಎಲ್ಲೆಯೊಳಗೇ ಇರುವ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇನ್ನೊಂದು ಘಟನೆ ನಡೆಯಿತು. ಕಾಡಂಚಿನ ಆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ಮದನಪಲ್ಲಿಯ ಬಳಿ ಇರುವ ಋಷಿವ್ಯಾಲಿಗೆ ಹೋದರು. ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರದವರು ಏಕೋಪಾಧ್ಯಾಯ ಶಾಲೆಗಳಿಗಾಗಿ ಪಠ್ಯಪುಸ್ತಕದ ಬದಲು ಕಾರ್ಡುಗಳ ಪೆಟ್ಟಿಗೆಯೊಂದನ್ನು ರೂಪಿಸಿದ್ದರು. ನೋಡಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ತಾವೇ ಕುಳಿತು ಕನ್ನಡಕ್ಕೆ, ತಮ್ಮ ಹಾಡಿ ಹಳ್ಳಿಗಳ ಮಕ್ಕಳಿಗೆ ಒಗ್ಗುವಂತೆ ಹೊಸ ಕಾರ್ಡುಗಳನ್ನು ಬರೆದರು. ಅದೇ 'ನಲಿ-ಕಲಿ'.

ಅದರ ಒಳಗನ್ನು ಸ್ವಲ್ಪ ನೋಡೋಣ. ವರ್ಣಮಾಲೆಯ ಕ್ರಮದಲ್ಲಿ ಕಲಿಯುವ ಮಗು ಅ ಆ ಇ ಈ ಎಂದು ಸ್ವರಗಳನ್ನು ಮುಗಿಸುವ ಹೊತ್ತಿಗೆ ಅವುಗಳಿಂದ ಹೆಚ್ಚೇನನ್ನೂ ಓದಲಾರದು. ವ್ಯಂಜನ, ಕಾಗುಣಿತಗಳ ಬೆಟ್ಟ ಇನ್ನೂ ಮುಂದೆಯೇ ಇರುತ್ತದೆ. ನಲಿ-ಕಲಿಯ ಶಿಕ್ಷಕರು ಆರಂಭಿಸಿದ್ದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಈ ಐದರಲ್ಲಿ ಕಾಗುಣಿತದ ಗೊಡವೆಯೇ ಇಲ್ಲ. ಆದರೆ ಜೋಡಿಸಿ ನೋಡಿ: ಸರ, ದರ, ಅರಸ, ಅಗಸ, ಗರಗಸ, ದಸರ! ಶಾಲೆಗೆ ಬಂದ ಕೆಲವೇ ದಿನಗಳಲ್ಲಿ ಮೈಸೂರು ಸೀಮೆಯ ಮಗು 'ದಸರ' ಎಂದು ತಾನೇ ಓದುತ್ತದೆ. ಅದರ ಮುಂದಿನ ಗುಂಪು ಜ, ವ, ಮ, ಬ, ನ. ಅದರೊಂದಿಗೆ ಮರ, ಜನ, ವನ, ಬಸವ, ನಗರ ಎಲ್ಲವೂ ಕೈಗೆ ಬರುತ್ತವೆ. ವರ್ಣಮಾಲೆ ಉಚ್ಚಾರಣೆಯ ಸ್ಥಾನಗಳನ್ನು ಅನುಸರಿಸಿದ ಅದ್ಭುತ ಶಾಸ್ತ್ರ, ಅದರಲ್ಲಿ ಅನುಮಾನವಿಲ್ಲ. ಆದರೆ ಶಾಸ್ತ್ರದ ಕ್ರಮ ಬೇರೆ, ಕಲಿಯುವ ಕ್ರಮ ಬೇರೆ ಎಂಬುದನ್ನು ಸಾವಿರ ವರ್ಷಗಳ ಕನ್ನಡ ಬೋಧನೆಯಲ್ಲಿ ಇಷ್ಟು ಸರಳವಾಗಿ ಮಾಡಿ ತೋರಿಸಿದವರು ಹಳ್ಳಿಯ ಶಾಲಾ ಶಿಕ್ಷಕರೆಂಬುದನ್ನು ನಮ್ಮ ವಿದ್ವಾಂಸರು ಇನ್ನೂ ಸರಿಯಾಗಿ ಗುರುತಿಸಿಲ್ಲ.

ಇನ್ನು ಕೋಣೆಯ ವ್ಯವಸ್ಥೆ. ಒಂದು, ಎರಡು, ಅನಂತರ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ವೃತ್ತಗಳಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿ; ಅದರಲ್ಲಿ ಮೈಲಿಗಲ್ಲುಗಳು. ಮಗು ಏಣಿಯನ್ನು ನೋಡಿ ತನ್ನ ಮುಂದಿನ ಕಾರ್ಡಿನ ಚಿಹ್ನೆಯನ್ನು ಗುರುತಿಸಿ, ಕಾರ್ಡು ತೆಗೆದುಕೊಂಡು, ಅದಕ್ಕೆ ಗೊತ್ತಾದ ತಟ್ಟೆಗೆ ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದರಲ್ಲಿ ಭಾಗಶಃ, ಮತ್ತೊಂದರಲ್ಲಿ ಸಹಪಾಠಿಯ ನೆರವು, ಕೊನೆಯದರಲ್ಲಿ ಸ್ವಕಲಿಕೆ. ತಲೆಯ ಮೇಲೆ ದಾರದ ಚಪ್ಪರಕ್ಕೆ ಮಕ್ಕಳ ಚಿತ್ರಗಳನ್ನು ತೂಗುಬಿಟ್ಟಿರುತ್ತಾರೆ. ಗೋಡೆಯ ಕೆಳಭಾಗದಲ್ಲಿ, ಮಗುವಿನ ಕೈಗೆ ನಿಲುಕುವ ಎತ್ತರದಲ್ಲಿ, ಪ್ರತಿಯೊಬ್ಬರಿಗೂ ಒಂದೊಂದು ಕಪ್ಪುಹಲಗೆ. ಜ್ವರ ಬಂದೋ, ಅವ್ವನ ಜೊತೆ ಕೂಲಿಗೆ ಹೋದುದರಿಂದಲೋ ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. 'ಪಾಠ ಮುಂದೆ ಹೋಯಿತು' ಎಂಬ ಮಾತೇ ಅಲ್ಲಿ ಇಲ್ಲ. ಕಬ್ಬು ಕಡಿಯುವ, ನಾಟಿ ಹಾಕುವ ಕಾಲಕ್ಕೆ ಹಾಜರಿ ಇಳಿಯುವ ನಮ್ಮ ಸೀಮೆಗೆ ಇದಕ್ಕಿಂತ ಹೊಂದುವ ಪದ್ಧತಿ ಬೇರೊಂದಿಲ್ಲ. ಕೂಲಿಮಠದಲ್ಲಿ ನಾವು ಗಮನಿಸಿದ ಎರಡು ಸಂಗತಿಗಳು, ತನ್ನದೇ ನಡೆ ಮತ್ತು ಒಡನಾಡಿಯ ನೆರವು, ಇಲ್ಲಿ ಮತ್ತೆ ಕಾಣಿಸುತ್ತವೆ; ಈ ಬಾರಿ ಕೋದಂಡವಿಲ್ಲ, ಜಾತಿಯ ಗೆರೆ ಇಲ್ಲ, ಹೆಣ್ಣುಮಕ್ಕಳೂ ಇದ್ದಾರೆ.

2009-10ರಲ್ಲಿ ರಾಜ್ಯ ಸರ್ಕಾರ ನಲಿ-ಕಲಿಯನ್ನು ಕನ್ನಡ ಮಾಧ್ಯಮದ ಎಲ್ಲ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ವಿಸ್ತರಿಸಿತು. ಮದ್ದೂರು, ಮಳವಳ್ಳಿಯ ಹಳ್ಳಿಗಳಿಗೂ ಅದು ಹೀಗೆ ಬಂತು. ತಕಲಿಗೆ ಆದ ಗತಿಯೇ ಭಾಗಶಃ ಇದಕ್ಕೂ ಆಯಿತೆಂದು ಹೇಳಬೇಕಾಗಿದೆ. ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರು ಕಾರ್ಡನ್ನು ತಾವೇ ಬರೆದಿದ್ದರು. ಸರಿಹೋಗದಿದ್ದರೆ ಹರಿದು ಹೊಸದನ್ನು ಬರೆಯುವ ಅಧಿಕಾರ ಅವರಿಗಿತ್ತು. ಇಲ್ಲಿಗೆ ಬಂದುದು ಅಚ್ಚಾದ, ಲ್ಯಾಮಿನೇಟ್ ಆದ, ಬದಲಿಸಲಾಗದ ಕಾರ್ಡು. ಅದರ ಜೊತೆಗೆ ತುಂಬಬೇಕಾದ ನಮೂನೆಗಳು. ಒಲಿದು ಮಾಡಿದ ಶಿಕ್ಷಕಿಯರ ಕೋಣೆಗಳು ಅರಳಿದವು, ಆದೇಶವೆಂದು ಮಾಡಿದವರ ಕೋಣೆಗಳಲ್ಲಿ ಕಾರ್ಡುಗಳು ಧೂಳು ಹಿಡಿದವು. ನಾಲ್ಕನೆಯ ತರಗತಿಗೆ ಕಾಲಿಡುತ್ತಲೇ ಮಗು ಮತ್ತೆ ಸಾಲು ಬೆಂಚಿಗೆ ಮರಳಬೇಕಾಗಿತ್ತು. ಹೊರಗೆ ನಿಂತು ನೋಡಿದ ಪೋಷಕರು 'ಬರೀ ಆಟ, ಪಾಠವೇ ಇಲ್ಲ' ಎಂದರು.

ಹೀಗೆಂದ ಪೋಷಕರು ಎಲ್ಲಿಗೆ ಹೋದರು? 1994ರ ಏಪ್ರಿಲಿನಲ್ಲಿ ಸರ್ಕಾರ ಹೊರಡಿಸಿದ ಭಾಷಾ ನೀತಿಯು ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದಿತು. ಮಂಡ್ಯಕ್ಕೆ ಡಿಪಿಇಪಿ ಬಂದ ವರ್ಷವೇ ಅದು. ಎರಡು ದಶಕಗಳ ವ್ಯಾಜ್ಯದ ನಂತರ, 2014ರ ಮೇ 6ರಂದು, ಸರ್ಕಾರ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. 2019ರಲ್ಲಿ ಸರ್ಕಾರವೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಲು ಮುಂದಾಯಿತು. ಈ ಇಪ್ಪತ್ತೈದು ವರ್ಷಗಳ ವಿಪರ್ಯಾಸವನ್ನು ಗಮನಿಸಿರಿ. ಕೂಲಿಕಾರರ ಮಕ್ಕಳ ಕೋಣೆಯಲ್ಲಿ ಅಕ್ಷರ ಕಲಿಕೆಯ ಅತ್ಯುತ್ತಮ ವಿಚಾರವೊಂದು ಬಂದು ಕುಳಿತಿತ್ತು. ಅದೇ ಹೊತ್ತಿಗೆ, ಶುಲ್ಕ ಕೊಡಬಲ್ಲವರ ಮಕ್ಕಳು ಪಟ್ಟಣದ ಶಾಲೆಗಳಲ್ಲಿ, ನಮ್ಮ ಶಾಲೆಗಳೂ ಅವುಗಳಲ್ಲಿ ಸೇರಿವೆ, ನಾಲ್ಕು ವರ್ಷಕ್ಕೇ ನಾಲ್ಕು ಗೆರೆಯ ಪುಸ್ತಕದಲ್ಲಿ ಅರ್ಥವಾಗದ ಪದಗಳನ್ನು ಹತ್ತತ್ತು ಸಲ ಬರೆಯುತ್ತಿದ್ದರು. ಗೋಡೆಯ ಮೇಲೆ ಪರದೆ ಹೊಸದು. ಕೆಳಗೆ ನಡೆಯುತ್ತಿದ್ದುದು ಅಮರಕೋಶದ ಬಾಯಿಪಾಠವೇ.

ಯಂತ್ರಗಳ ಬಗ್ಗೆ ನನಗೆ ದ್ವೇಷವಿಲ್ಲ. 'ಕೇಳಿ ಕಲಿ', 'ಚುಕ್ಕಿ ಚಿನ್ನ'ದಂಥ ಬಾನುಲಿ ಪಾಠಗಳು ಹಳ್ಳಿಯ ಮಕ್ಕಳಿಗೆ ಸಂತೋಷ ಕೊಟ್ಟಿವೆ. ಮಳವಳ್ಳಿಗೆ ಹೊಂದಿಕೊಂಡ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ 2004ರ ಸೆಪ್ಟೆಂಬರಿನಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹದ ಮೂಲಕ ಪಾಠ ಬಿತ್ತರಿಸುವ ಯೋಜನೆ ದೇಶದ ಗಮನ ಸೆಳೆದಿತ್ತು. 2010ರಲ್ಲಿ ಆ ಉಪಗ್ರಹದ ಆಯುಷ್ಯ ಮುಗಿಯಿತು. 2020ರ ಕೊರೋನಾ ಕಾಲದಲ್ಲಿ ಚಂದನ ವಾಹಿನಿಯ 'ಸಂವೇದ' ಪಾಠಗಳೂ ಮೊಬೈಲ್ ತರಗತಿಗಳೂ ಬಂದವು. ಮನೆಗೊಂದು ಮೊಬೈಲ್ ಇದ್ದರೂ ಅದು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಆಗ ಆಗಸ್ಟಿನಲ್ಲಿ ಆರಂಭವಾದ 'ವಿದ್ಯಾಗಮ'ದಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋದರು. ಗುಡಿಯ ಜಗಲಿ, ಅರಳಿಕಟ್ಟೆ, ಮರದ ನೆರಳುಗಳಲ್ಲಿ ಬೇರೆ ಬೇರೆ ವಯಸ್ಸಿನ ಹತ್ತಿಪ್ಪತ್ತು ಮಕ್ಕಳು ಗುಂಪಾಗಿ ಕುಳಿತರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಎರಡು ತಿಂಗಳು ಶಿಕ್ಷಕರು ಏನು ಕಲಿಸಬೇಕು, ಹೇಗೆ ಕಲಿಸಬೇಕು ಎಂಬುದನ್ನು ಎದುರಿಗಿದ್ದ ಮಕ್ಕಳನ್ನು ನೋಡಿಯೇ ನಿರ್ಧರಿಸುತ್ತಿದ್ದರು. 2022-23ರ 'ಕಲಿಕಾ ಚೇತರಿಕೆ'ಯಲ್ಲಿ ಪುಸ್ತಕದ ಬದಲು ಚಟುವಟಿಕೆಯ ಹಾಳೆಗಳಿಗೆ ಸಿಕ್ಕ ಸ್ಥಾನದ ಹಿಂದೆ ನಲಿ-ಕಲಿಯ ನೆರಳನ್ನು ಕಾಣಬಹುದು.

ಈಗ ಚರ್ಚೆ ಬೇರೆ ಕಡೆಗೆ ತಿರುಗಿದೆ. ಮಕ್ಕಳ ಸಂಖ್ಯೆ ಹತ್ತಕ್ಕೆ, ಹನ್ನೆರಡಕ್ಕೆ ಇಳಿದ ಹಳ್ಳಿ ಶಾಲೆಗಳನ್ನು ಇಟ್ಟುಕೊಳ್ಳಬೇಕೇ, ದೊಡ್ಡ ಶಾಲೆಗಳಿಗೆ ಸೇರಿಸಬೇಕೇ ಎಂಬುದು. ದೊಡ್ಡ ಶಾಲೆಗೆ ಪ್ರಯೋಗಾಲಯ, ಆಟದ ಮೈದಾನ, ತರಗತಿಗೊಬ್ಬ ಶಿಕ್ಷಕ ಸಿಗಬಹುದು, ನಿಜ. ಆದರೆ ಆರು ವರ್ಷದ ಮಗುವಿಗೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಕೋಣೆ, ಹೆಸರು ಹಿಡಿದು ಕರೆಯುವ ಒಬ್ಬ ಶಿಕ್ಷಕಿ, ಪಕ್ಕದಲ್ಲಿ ತನಗಿಂತ ಒಂದು ವರ್ಷ ದೊಡ್ಡ ಒಡನಾಡಿ ಇವು ಕೊರತೆಯಲ್ಲ. ಬಹುವರ್ಗ ಬೋಧನೆಗೆಂದೇ ಹುಟ್ಟಿದ ಪದ್ಧತಿಯೊಂದು ನಮ್ಮಲ್ಲೇ ಇರುವಾಗ, ಹನ್ನೆರಡು ಮಕ್ಕಳ ಶಾಲೆಯನ್ನು ವಿಫಲವೆಂದು ಬರೆಯುವ ಮೊದಲು ಅದರೊಳಗೆ ಒಂದು ಬೆಳಗ್ಗೆ ಕುಳಿತು ನೋಡುವುದು ಒಳ್ಳೆಯದು.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನಮ್ಮ ಧರ್ಮಕೇಂದ್ರಗಳಲ್ಲಿ ನಿವೃತ್ತ ಶಿಕ್ಷಕ ಶಿಕ್ಷಕಿಯರು ಅನೇಕರಿದ್ದೀರಿ. ನಿಮ್ಮ ಮನೆಯ ಅಟ್ಟದಲ್ಲಿ, ಹಳೆಯ ಟ್ರಂಕುಗಳಲ್ಲಿ ಡಿಪಿಇಪಿ ಕಾಲದ ತರಬೇತಿ ಕೈಪಿಡಿಗಳು, 500 ರೂಪಾಯಿಯಲ್ಲಿ ನೀವೇ ರಟ್ಟು ಕತ್ತರಿಸಿ ಮಾಡಿದ ಅಕ್ಷರದ ಕಾರ್ಡುಗಳು, ಸಮೂಹ ಸಭೆಗಳ ಟಿಪ್ಪಣಿ ಪುಸ್ತಕಗಳು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಕೂಲಿಮಠದ ಕಡತಗಳನ್ನು ಹೀಗೆಯೇ ಕಳೆದುಕೊಂಡೆವು. ಬೇಸಿಗೆ ಮುಗಿಯುವುದರೊಳಗೆ ಅವುಗಳನ್ನು ಒಮ್ಮೆ ಬಿಸಿಲಿಗೆ ಹಾಕಿ, ಒಳಗೆ ಬೇವಿನ ಸೊಪ್ಪು ಇರಿಸಿ ಕಟ್ಟಿಡಿ. ನಮ್ಮ ಕಡೆಯ ಗೆದ್ದಲು ಮಳೆಗಾಲಕ್ಕೆ ಕಾಯುವುದಿಲ್ಲ.